ಕಿವಿಯಲ್ಲೇ ಟೆಂಪೋ (ಹಾಡಿನ ವೇಗ) ಹಿಡಿಯೋದು: ಹೊಸ ಡಿಜೆಗಳು ಪದೇ ಪದೇ ಕೇಳೋ ಪ್ರಶ್ನೆಗಳು

ಸ್ಕ್ರೀನ್ ಮೇಲೆ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಬರತ್ತೆ, ಎರಡು ಹಾಡಿನ ಬೀಟ್ ತಾನೇ ಜೋಡಿಸೋ ಸಿಂಕ್ ಬಟನ್ನೂ ಇದೆ, ಮತ್ಯಾಕೆ ಕಿವಿಯಲ್ಲಿ ಕಲೀಬೇಕು?

ಕಲೀಲೇಬೇಕು ಅಂತ ರೂಲೇನಿಲ್ಲ. ಸಿಂಕ್ ಒತ್ತೋದು ಪಾಪ ಅಲ್ಲ, ಅದನ್ನ ಒತ್ಕೊಂಡೇ ಅದ್ಭುತವಾಗಿ ಪ್ಲೇ ಮಾಡೋರು ಬೇಕಾದಷ್ಟು ಜನ ಇದಾರೆ. ಆದ್ರೆ ಸಿಂಕ್ ಹಾಡನ್ನ ಕೇಳಿಸ್ಕೊಳ್ಳಲ್ಲ, ಅದು ನೋಡೋದು ಸಾಫ್ಟ್‌ವೇರ್ ಆ ಹಾಡಿನ ಮೇಲೆ ಎಳೆದಿಟ್ಟಿರೋ ಬೀಟ್‌ಗ್ರಿಡ್ಡನ್ನ (ಬೀಟ್ ಎಲ್ಲೆಲ್ಲಿ ಬೀಳತ್ತೆ ಅಂತ ತೋರಿಸೋ ಗೆರೆಗಳನ್ನ) ಮಾತ್ರ, ಆ ಗ್ರಿಡ್ ಅರ್ಧ ಬೀಟ್ ಪಕ್ಕಕ್ಕೆ ಕೂತಿದ್ರೆ ಸಿಂಕ್ ಕೂಡ ಅಷ್ಟೇ ಶ್ರದ್ಧೆಯಿಂದ ಅರ್ಧ ಬೀಟ್ ತಪ್ಪಾಗಿ ಜೋಡಿಸಿಕೊಡತ್ತೆ. ಸ್ಕ್ರೀನಲ್ಲಿ ನೋಡಿದ್ರೆ ಎಲ್ಲಾ ನೀಟಾಗಿ ಒಂದರ ಕೆಳಗೊಂದು ನಿಂತಿರತ್ತೆ, ಸ್ಪೀಕರಲ್ಲಿ ಮಾತ್ರ ಕುದುರೆ ಓಡಿದ ಹಾಗೆ ಟಕಟಕ ಟಕಟಕ ಅಂತಿರತ್ತೆ. ಅದು ತಪ್ಪಿದೆ ಅಂತ ಗೊತ್ತಾಗೋಕಾದ್ರೂ ಕಿವಿ ಬೇಕಲ್ವಾ. ವಿನೈಲ್ ಡೆಕ್ (ರೆಕಾರ್ಡ್ ಪ್ಲೇಯರ್) ಮುಂದೆ ನಿಂತಾಗ, ಇಲ್ಲಾ ಸಾಫ್ಟ್‌ವೇರ್ ಇನ್ನೂ ಅನಲೈಸ್ ಮಾಡಿ ಗ್ರಿಡ್ ಹಾಕಿರದ ಪೆನ್‌ಡ್ರೈವ್ ಕೈಗೆ ಬಂದಾಗ ಏನ್ ಮಾಡ್ತೀರ ಅನ್ನೋದು ಬೇರೆ ವಿಷಯ.

ಬೀಟ್‌ಮ್ಯಾಚಿಂಗ್ (ಎರಡು ಹಾಡಿನ ಬೀಟ್ ಒಂದರ ಮೇಲೊಂದು ಕೂರಿಸೋದು) ಶುರು ಮಾಡಿದ ಕ್ರೆಡಿಟ್ಟನ್ನ ಸಾಮಾನ್ಯವಾಗಿ ಫ್ರಾನ್ಸಿಸ್ ಗ್ರಾಸೋಗೆ ಕೊಡ್ತಾರೆ, 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಲ್ಲಿ ಪ್ಲೇ ಮಾಡ್ತಿದ್ದ ಡಿಜೆ. ಅವರ ಮುಂದೆ ಸ್ಕ್ರೀನೂ ಇರಲಿಲ್ಲ, ಗ್ರಿಡ್ಡೂ ಇರಲಿಲ್ಲ. ಹಾಡುಗಳೋ, ಮನುಷ್ಯರು ಕೂತು ಬಾರಿಸಿದ ಡ್ರಮ್ಸ್ ಇರೋವು. ಅಂದ್ರೆ ಇದು ಆಗದ ಕೆಲಸ ಅಲ್ಲ.

ಹಾಡು ಕೇಳಿದ ತಕ್ಷಣ "ಇದು 126" ಅಂತ ಹೇಳೋಕೆ ಬರ್ಬೇಕಾ?

ಬೇಡವೇ ಬೇಡ. ಹೊಸಬರು ಸುಮಾರು ಜನ ಇಲ್ಲೇ ತಲೆ ಕೆಡಿಸ್ಕೊಳ್ತಾರೆ. ಇಲ್ಲಿ ಎರಡು ಬೇರೆ ಬೇರೆ ವಿದ್ಯೆ ಇದೆ. ಒಂದು, ಹಾಡು ಕೇಳಿ ಅಂದಾಜು ಟೆಂಪೋ ಹೇಳೋದು, ಅದು ಮುಂದಿನ ಟ್ರ್ಯಾಕ್ ಆರಿಸೋಕೆ ಬರತ್ತೆ, ಮೂರ್ನಾಲ್ಕು ಬಿಪಿಎಂ ಆಚೀಚೆ ಆದ್ರೂ ಏನೂ ಮುಳುಗಲ್ಲ. ಇನ್ನೊಂದು, ಎರಡು ಟ್ರ್ಯಾಕ್ ಒಟ್ಟಿಗೆ ಓಡ್ತಿರುವಾಗ ಯಾವುದು ಮುಂದೆ ಹೋಗ್ತಿದೆ ಯಾವುದು ಹಿಂದೆ ಬೀಳ್ತಿದೆ ಅಂತ ಹಿಡಿಯೋದು. ಮಿಕ್ಸ್ ಮಾಡೋಕೆ ನಿಜವಾಗ್ಲೂ ಬೇಕಾಗಿರೋದು ಈ ಎರಡನೇದು, ಇದಕ್ಕೆ ನಂಬರಿನ ಹಂಗೇ ಇಲ್ಲ. ಯಾವ ಟ್ರ್ಯಾಕ್ ಎಷ್ಟು ಬಿಪಿಎಂ ಅಂತ ಗೊತ್ತಿಲ್ದೆ ಪಕ್ಕಾ ಬೀಟ್‌ಮ್ಯಾಚ್ ಮಾಡ್ಬಹುದು. ಹಾಗಾಗಿ ಪ್ರಾಕ್ಟೀಸಿಗೆ ಸಿಗೋ ಟೈಮಲ್ಲಿ ಮುಕ್ಕಾಲು ಪಾಲು ಎರಡನೇದಕ್ಕೇ ಹಾಕಿ ಅಂತೀನಿ.

ಮೊದಲನೇದಕ್ಕೆ ಒಂದು ಸಮಾಧಾನದ ವಿಷಯ ಇದೆ. 1996ರಲ್ಲಿ ಡೇನಿಯಲ್ ಲೆವಿಟಿನ್, ಪೆರಿ ಕುಕ್ ಅನ್ನೋ ಇಬ್ರು ಸಂಶೋಧಕರು ಜನರ ಹತ್ರ ಅವರಿಗೆ ಚೆನ್ನಾಗಿ ಗೊತ್ತಿರೋ ಹಾಡುಗಳನ್ನ ನೆನಪಿಂದ ಹಾಡಿಸಿ ಒರಿಜಿನಲ್ ಜೊತೆ ಹೋಲಿಸಿದ್ರು, ಬಹುಪಾಲು ಸಲ ಟೆಂಪೋ 8% ಒಳಗೇ ಇತ್ತು. ಡಿಜೆಗಳ ಪ್ರೀತಿಯ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನ ಪಿಚ್ ರೇಂಜ್ (ಸ್ಪೀಡ್ ಏರಿಸಿ ಇಳಿಸೋ ಮಿತಿ) ಕೂಡ ಪ್ಲಸ್ಸು ಮೈನಸ್ಸು 8%, ಸುಮ್ನೆ ಕಾಕತಾಳೀಯ, ಆದ್ರೂ ಮಜಾ ಇದೆ.

ಬೀಟ್ ಎಣಿಸೋದು ಹೇಗೆ? 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದ್ರೆ ಸಾಕಾ?

ಅಂದಾಜಿಗೆ ಸಾಕು. ಆದ್ರೆ ಒಂದು ಬೀಟ್ ಹೆಚ್ಚುಕಮ್ಮಿ ಎಣಿಸಿದ್ರೂ ಉತ್ತರದಲ್ಲಿ 4 ಬಿಪಿಎಂ ವ್ಯತ್ಯಾಸ ಬರತ್ತೆ, ಹೊಸಬರು ಹೆಚ್ಚಾಗಿ ಎಡವೋದು ಮೊದಲನೇ ಬೀಟಲ್ಲೇ. ಸ್ಟಾಪ್‌ವಾಚ್ ಒತ್ತಿದ ಕ್ಷಣ ಬಿದ್ದ ಬೀಟನ್ನ "ಒಂದು" ಅಂತ ಎಣಿಸ್ತಾರೆ, ಅದನ್ನ "ಸೊನ್ನೆ" ಅನ್ಬೇಕು, ಇಲ್ದಿದ್ರೆ 128ರ ಹಾಡು 132 ಅಂತ ಬರತ್ತೆ.

ಇದಕ್ಕಿಂತ ಉಲ್ಟಾ ಲೆಕ್ಕ ನಂಗೆ ಇಷ್ಟ: ಸೆಕೆಂಡ್ ಫಿಕ್ಸ್ ಮಾಡೋ ಬದಲು ಬೀಟ್ ಫಿಕ್ಸ್ ಮಾಡಿ. 32 ಬೀಟ್ ಮುಗಿಯೋಕೆ ಎಷ್ಟು ಸೆಕೆಂಡ್ ಆಯ್ತು ನೋಡಿ, 1920ನ್ನ ಆ ಸೆಕೆಂಡಿಂದ ಭಾಗಿಸಿ. 16 ಸೆಕೆಂಡ್ ಆದ್ರೆ 120, 15 ಆದ್ರೆ ಸರಿಯಾಗಿ 128, 14 ಆದ್ರೆ 137. ಡ್ಯಾನ್ಸ್ ಮ್ಯೂಸಿಕ್ಕಲ್ಲಿ ಹೆಚ್ಚಾಗಿ 32 ಬೀಟಿಗೊಂದು ಸಲ ಏನಾದ್ರೂ ಬದಲಾಗತ್ತೆ, ಒಂದು ಸಿಂಬಲ್ (ಡ್ರಮ್ಸಿನ ಲೋಹದ ತಟ್ಟೆ) ಏಟು ಬೀಳತ್ತೆ ಇಲ್ಲಾ ಹೊಸ ಸೌಂಡ್ ಸೇರ್ಕೊಳತ್ತೆ, ಹಾಗಾಗಿ ಎಣಿಕೆ ತಪ್ಪಿದ್ರೂ ಹಾಡೇ ಹೇಳಿಬಿಡತ್ತೆ. ಬೀಟಿಗೆ ತಟ್ಟಿದ್ರೆ ಬಿಪಿಎಂ ತೋರಿಸೋ ಟ್ಯಾಪ್ ಬಟನ್ ಬಳಸೋರು ನಾಲ್ಕು ಸಲ ತಟ್ಟಿ ನಂಬರ್ ಓದ್ಬೇಡಿ, ಅದು ನೆಗೆದಾಡ್ತಿರತ್ತೆ, ಹದಿನಾರು ಇಪ್ಪತ್ತು ತಟ್ಟಿದ ಮೇಲೆ ಸ್ವಲ್ಪ ನಿಲ್ಲತ್ತೆ.

ನಾನು 70 ಅಂತ ಎಣಿಸ್ತೀನಿ, ಸಾಫ್ಟ್‌ವೇರ್ 140 ಅನ್ನತ್ತೆ. ಯಾರು ಸರಿ?

ಇಬ್ರೂ ಸರಿ. ಡಬ್‌ಸ್ಟೆಪ್ ಅನ್ನೋ ಶೈಲಿ ಸಾಮಾನ್ಯವಾಗಿ 140, ಆದ್ರೆ ಸ್ನೇರ್ (ಚಟ್ ಅನ್ನೋ ಡ್ರಮ್) ಬೀಳೋದು ನಾಲ್ಕು ಬೀಟಲ್ಲಿ ಮೂರನೇದರ ಮೇಲೆ ಮಾತ್ರ, ಅದಕ್ಕೇ ತಲೆ ಆಡೋದು 70ಕ್ಕೆ. ಡ್ರಮ್ ಅಂಡ್ ಬೇಸ್ 174 ಅಂತಾರೆ, ಅದರ ಬೇಸ್‌ಲೈನ್ ಹಿಡ್ಕೊಂಡ್ರೆ 87. ಟ್ರ್ಯಾಪ್ ಕಥೆನೂ ಇದೇ. ಮಿಕ್ಸ್ ಮಾಡುವಾಗ ಅರ್ಧ ಮತ್ತೆ ಡಬಲ್ ಎರಡೂ ಒಂದೇ ಅಂದ್ಕೊಳ್ಳಿ, 87ರ ಹಿಪ್‌ಹಾಪ್ ಮೇಲೆ 174ರ ಡ್ರಮ್ ಅಂಡ್ ಬೇಸ್ ಆರಾಮಾಗಿ ಕೂರತ್ತೆ.

ನಿಜವಾದ ತಪ್ಪು ಬೇರೆ ಇದೆ. ಕೆಲವು ಸಲ ಸಾಫ್ಟ್‌ವೇರ್ ಮುಕ್ಕಾಲು ಪಾಲಿಗೋ ಒಂದೂವರೆ ಪಾಲಿಗೋ ಬಿದ್ದುಬಿಡತ್ತೆ, 128ನ್ನ 96 ಅನ್ನತ್ತೆ, 90ನ್ನ 135 ಅನ್ನತ್ತೆ. ಒಂದು ಬೀಟನ್ನ ಮೂರು ಭಾಗ ಮಾಡಿರೋ ಹಾಡುಗಳಲ್ಲಿ, ಕಿಕ್ (ದಪ್ಪ ಡ್ರಮ್ಮಿನ ಧಮ್ ಅನ್ನೋ ಏಟು) ಎಡವಿ ಎಡವಿ ಬೀಳೋ ಬ್ರೋಕನ್ ಬೀಟ್ ಹಾಡುಗಳಲ್ಲಿ ಇದು ಜಾಸ್ತಿ. ಇಂಥ ಕಡೆ ಕಾಲು ತಟ್ಟಿ ನೋಡಿ, ಸಾಫ್ಟ್‌ವೇರ್ ಹೇಳಿದ ನಂಬರಿಗೆ ಮೆಟ್ರೊನೋಮ್ (ಟಿಕ್ ಟಿಕ್ ಅಂತ ಬೀಟ್ ಹೊಡೆಯೋದು) ಹಾಕಿದ್ರೆ ಅದರ ಕ್ಲಿಕ್ಕು ಕಾಲಿಗೆ ಸೇರ್ತಾನೇ ಇಲ್ಲ ಅಂದ್ರೆ ಕಾಲನ್ನೇ ನಂಬಿ.

120ಕ್ಕೂ 128ಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ, ಎಲ್ಲಾ ಒಂದೇ ಥರ ಕೇಳತ್ತೆ. ಏನ್ ಮಾಡ್ಲಿ?

ನಿಮಗೆ ಬಾಯಿಪಾಠ ಆಗಿರೋ ನಾಲ್ಕೈದು ಹಾಡು ಆರಿಸ್ಕೊಳ್ಳಿ, ಒಂದು 90ರ ಹತ್ರ, ಒಂದು 105, ಒಂದು 120, ಒಂದು 128, ಒಂದು 140. ಇವೇ ನಿಮ್ಮ ಅಳತೆಗೋಲು. ಹೊಸ ಹಾಡು ಕೇಳಿದಾಗ ಅದರ ಮೇಲೆ ನಿಮ್ಮ 120ರ ಹಾಡಿನ ಮೊದಲ ಸಾಲು ಮನಸ್ಸಲ್ಲೇ ಹಾಡಿ, ಎಳೀಬೇಕಾಯ್ತಾ, ಓಡಿಸ್ಬೇಕಾಯ್ತಾ? ಎಳೆದ್ರೆ ಹೊಸದು ಸ್ಲೋ, ಓಡಿಸಿದ್ರೆ ಫಾಸ್ಟ್. ಯಾವ ಹಾಡೂ ನೆನಪಾಗದಿದ್ರೆ ಗಡಿಯಾರದ ಸೆಕೆಂಡ್ ಮುಳ್ಳು ಇದ್ದೇ ಇದೆ, ಟಿಕ್ ಟಿಕ್ 60, ಮಧ್ಯ ಒಂದೊಂದು ಸೇರಿಸಿದ್ರೆ 120.

ಜಾನರ್ (ಹಾಡಿನ ಶೈಲಿ) ಗೊತ್ತಾದ್ರೆ ಅರ್ಧ ಕೆಲಸ ಮುಗಿದ ಹಾಗೆ. ಹೌಸ್ ಬಹುತೇಕ 120ರಿಂದ 128ರ ಒಳಗೆ, ಟ್ರಾನ್ಸ್ 130 ದಾಟಿ 140ರವರೆಗೆ, ಟೆಕ್ನೋ 125ರಿಂದ ಶುರುವಾಗಿ ಈಗೀಗ 145 ದಾಟಿ ಹೋಗ್ತಿದೆ, ಡ್ರಮ್ ಅಂಡ್ ಬೇಸ್ 170ರ ಮೇಲೆ, ಹಿಪ್‌ಹಾಪ್ 80ರಿಂದ 100, ರೆಗ್ಗೇಟೋನ್ 90ರಿಂದ 100. ಗಡಿ ದಾಟೋ ಹಾಡುಗಳು ಎಲ್ಲಾ ಕಡೆ ಇರತ್ತೆ, ಆದ್ರೂ ಊಹೆ ಶುರು ಮಾಡೋಕೆ ಒಂದು ಜಾಗ ಸಿಗತ್ತೆ.

ಕಿವಿ ಮೋಸ ಹೋಗೋ ಜಾಗಾನೂ ತಿಳ್ಕೊಂಡಿರಿ. ಹೈಹ್ಯಾಟ್ ಚಿಕಿಚಿಕಿ ಅಂತ ತುಂಬಿರೋ ಟ್ರ್ಯಾಕ್ 122 ಇದ್ರೂ 128ರ ಹಾಗೆ ಕೇಳತ್ತೆ, ಬರೀ ಕಿಕ್ಕು, ಉದ್ದಕ್ಕೆ ಎಳೆಯೋ ಪ್ಯಾಡ್ ಸೌಂಡು ಇರೋದು 128 ಇದ್ರೂ ಮಲಗಿದ ಹಾಗಿರತ್ತೆ. ಸೌಂಡ್ ಜಾಸ್ತಿ ಇಟ್ರೆ ಫಾಸ್ಟ್ ಅನ್ಸತ್ತೆ. ನೀವೇ ಟೆನ್ಷನಲ್ಲಿದ್ರೆ ಎಲ್ಲಾ ಹಾಡೂ ಸ್ಲೋ ಅನ್ಸತ್ತೆ, ಮೊದಲ ಶೋಗಳಲ್ಲಿ ಜನ ಪಿಚ್ ಫೇಡರಲ್ಲಿ (ಟ್ರ್ಯಾಕಿನ ಸ್ಪೀಡ್ ಬದಲಾಯಿಸೋ ಸ್ಲೈಡರ್) ಸ್ಪೀಡ್ ಏರಿಸಿ ಏರಿಸಿ ಅರ್ಧ ಗಂಟೆಯಲ್ಲಿ ಎಲ್ಲಿಗೋ ಹೋಗಿರೋದು ಇದಕ್ಕೇ. ಅಂದಾಜು ಹೇಳುವಾಗ ಹ್ಯಾಟ್ ಮರೆತು ಕಿಕ್ ಮತ್ತೆ ಕ್ಲ್ಯಾಪ್ (ಚಪ್ಪಾಳೆಯಂಥ ಸೌಂಡ್) ಮಾತ್ರ ಕೇಳಿ.

ಎರಡು ಟ್ರ್ಯಾಕ್ ಕೂತಿಲ್ಲ ಅಂತ ಗೊತ್ತಾಗತ್ತೆ, ಯಾವುದು ಫಾಸ್ಟ್ ಅಂತ ಮಾತ್ರ ಗೊತ್ತಾಗಲ್ಲ.

ಇದೇ ಅಸಲಿ ಪ್ರಶ್ನೆ, ಉಳಿದಿದ್ದೆಲ್ಲಾ ಇದರ ಸುತ್ತಮುತ್ತ. ಎಲ್ರೂ ಇಲ್ಲೇ ಸಿಕ್ಕಾಕ್ಕೊಳ್ತಾರೆ, ನಿಮ್ಮ ಕಿವಿ ಕೆಟ್ಟಿದೆ ಅಂತ ಅಲ್ಲ.

ಮೊದಲು ಒಂದು ವಿಷಯ ಬೇರೆ ಮಾಡ್ಕೊಳ್ಳಿ, ಜಾಗ ಬೇರೆ, ವೇಗ ಬೇರೆ. ಎರಡು ಟ್ರ್ಯಾಕಿನ ವೇಗ ಒಂದೇ ಇದ್ದು ಜಾಗ ತಪ್ಪಿದ್ರೆ ಆ ಅಂತರ ಎಷ್ಟು ಹೊತ್ತಾದ್ರೂ ಹಾಗೇ ಇರತ್ತೆ, ಜಾಗ್ ವೀಲ್ (ಪ್ಲೇಯರ್ ಮೇಲಿನ ತಿರುಗಿಸೋ ಚಕ್ರ) ಒಂಚೂರು ತಳ್ಳಿದ್ರೆ ಮುಗೀತು. ವೇಗ ತಪ್ಪಿದ್ರೆ ನೀವು ಎಷ್ಟು ಸಲ ಜೋಡಿಸಿದ್ರೂ ಮತ್ತೆ ಜಾರತ್ತೆ, ಅದಕ್ಕೆ ಫೇಡರ್ ಮುಟ್ಬೇಕು. ಬರೀ ಜಾಗ ತಪ್ಪಿರೋವಾಗ ಫೇಡರ್ ಎಳೆದುಬಿಟ್ರೆ ಸರಿ ಇದ್ದ ವೇಗಾನೂ ಹೋಯ್ತು, ಆಮೇಲೆ ಎರಡನ್ನೂ ಹುಡುಕ್ತಾ ಕೂರ್ಬೇಕು.

ಈಗ ಕೇಳೋ ರೀತಿ. ಎರಡು ಕಿಕ್ ಸರಿಯಾಗಿ ಒಂದರ ಮೇಲೊಂದು ಬಿದ್ದಾಗ ಒಂದೇ ದಪ್ಪ ಕಿಕ್ ಕೇಳತ್ತೆ, "ಧಮ್". ಇಪ್ಪತ್ತು ಮೂವತ್ತು ಮಿಲಿಸೆಕೆಂಡ್ ಸರಿದ್ರೆ ಅದರ ಅಂಚು ಹರಿಯತ್ತೆ, "ಧ್‌ಧಮ್". ಇನ್ನೂ ಸರಿದ್ರೆ ಎರಡು ಬೇರೆ ಬೇರೆ ಏಟು. ಯಾರದ್ದು ಮೊದಲು ಬಿತ್ತು ಅಂತ ತಿಳೀಬೇಕಾದ್ರೆ ಎರಡು ಕಿಕ್ಕಿನ ದನಿ ಬೇರೆ ಇರ್ಬೇಕು, ಒಂದೇ ಥರ ಇದ್ರೆ ದೇವರಿಗೂ ಗೊತ್ತಾಗಲ್ಲ. ಅದಕ್ಕೆ ಹೊಸ ಟ್ರ್ಯಾಕಿನ ಬೇಸ್ ಈಕ್ಯೂ (ದಪ್ಪ ದನಿ ಏರಿಸಿ ಇಳಿಸೋ ನಾಬ್) ಪೂರ್ತಿ ಇಳಿಸಿ, ಅದರ ಕಿಕ್ ಬರೀ "ಟಕ್" ಅಂತ ಉಳಿಯತ್ತೆ, ಓಡ್ತಿರೋದು "ಧಮ್" ಅಂತಿರತ್ತೆ. ಈಗ "ಟಕ್‌ಧಮ್" ಕೇಳಿದ್ರೆ ಹೊಸದು ಮುಂದಿದೆ, "ಧಮ್‌ಟಕ್" ಕೇಳಿದ್ರೆ ಹಿಂದಿದೆ. ಬೇಕಾದ್ರೆ ಕಿಕ್ ಬಿಟ್ಟು ಹೊಸ ಟ್ರ್ಯಾಕಿನ ಕ್ಲ್ಯಾಪನ್ನೇ ಹಿಡ್ಕೊಳ್ಳಿ, ಕ್ಲ್ಯಾಪ್ ಚೂಪಾಗಿರತ್ತೆ, ಬೇಗ ಸಿಗತ್ತೆ.

ಇಷ್ಟಾದ್ರೂ ಗೊತ್ತಾಗ್ಲಿಲ್ವಾ, ಆಗ ತಳ್ಳಿ ನೋಡಿ. ಹೊಸ ಟ್ರ್ಯಾಕಿನ ಜಾಗ್ ವೀಲನ್ನ ಒಂಚೂರು ಮುಂದಕ್ಕೆ ತಳ್ಳಿ, ಕಿಕ್‌ಗಳು ಹತ್ರ ಬಂದ್ರೆ ಅದು ಹಿಂದೆ ಇತ್ತು, ದೂರ ಆದ್ರೆ ಮುಂದೆ ಇತ್ತು. ಜೋಡಿಸಿ, ಕೈ ಬಿಟ್ಟು, ಕೇಳ್ತಾ ನಿಲ್ಲಿ. ಮತ್ತೆ ಜಾರಿದ್ರೆ ಮತ್ತೆ ಸರಿ ಮಾಡಿ, ಆದ್ರೆ ಈ ಸಲ ನಿಮ್ಮ ಕೈ ಯಾವ ಕಡೆ ಹೋಯ್ತು ಅಂತ ಗಮನಿಸಿ. ಪ್ರತಿ ಸಲ ಮುಂದಕ್ಕೇ ತಳ್ತಾ ಇದೀರ ಅಂದ್ರೆ ಆ ಟ್ರ್ಯಾಕ್ ಸ್ಲೋ, ಫೇಡರಲ್ಲಿ ಸ್ಪೀಡ್ ಜಾಸ್ತಿ ಮಾಡಿ, ಪ್ರತಿ ಸಲ ಹಿಡಿದು ನಿಧಾನ ಮಾಡ್ತಾ ಇದೀರ ಅಂದ್ರೆ ಅದು ಫಾಸ್ಟ್. ಕಿವಿ ಗೊಂದಲದಲ್ಲಿದ್ರೂ ಕೈಗೆ ಉತ್ತರ ಗೊತ್ತಿರತ್ತೆ.

ಫೇಡರ್ ಸರಿಸುವಾಗ ಹೆದರಿ ಹೆದರಿ ಕೂದಲೆಳೆಯಷ್ಟು ಮುಟ್ಬೇಡಿ. ಬೇಕಾದ್ದಕ್ಕಿಂತ ಜಾಸ್ತಿನೇ ಸರಿಸಿ, ಈಗ ಉಲ್ಟಾ ಕಡೆ ಜಾರತ್ತೆ, ಅಂದ್ರೆ ಸರಿಯಾದ ಜಾಗ ಈ ಎರಡರ ಮಧ್ಯ ಎಲ್ಲೋ ಇದೆ ಅಂತ ಖಾತ್ರಿ ಆಯ್ತು. ಅದರ ಅರ್ಧಕ್ಕೆ ವಾಪಸ್ ಬನ್ನಿ, ಮತ್ತೆ ಕೇಳಿ, ಮತ್ತೆ ಅರ್ಧ. ನಾಲ್ಕೈದು ಸಲಕ್ಕೆ ಗೂಡಿಗೆ ಬಂದಿರ್ತೀರ.

ಕೂತಿದೆ ಅನ್ಸತ್ತೆ. ಎಷ್ಟು ಹೊತ್ತು ಕೇಳಿದ ಮೇಲೆ ನಂಬ್ಬಹುದು?

ಲೆಕ್ಕ ಸುಲಭ ಇದೆ. ಎರಡು ಟ್ರ್ಯಾಕಿಗೆ 1 ಬಿಪಿಎಂ ವ್ಯತ್ಯಾಸ ಇದ್ರೆ ಒಂದು ನಿಮಿಷದಲ್ಲಿ ಒಂದು ಬೀಟ್ ಜಾರತ್ತೆ, 30 ಸೆಕೆಂಡಲ್ಲಿ ಅರ್ಧ ಬೀಟ್, ಕೇಳೋಕೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. 0.1 ವ್ಯತ್ಯಾಸ ಇದ್ರೆ ನಿಮಿಷಕ್ಕೆ ಬೀಟಿನ ಹತ್ತನೇ ಒಂದು ಭಾಗ, 125ರ ಹಾಡಲ್ಲಿ ಅದು 48 ಮಿಲಿಸೆಕೆಂಡ್. ಅಂದ್ರೆ ಅರ್ಧ ನಿಮಿಷದ ಮಿಕ್ಸಿಗೆ ಆ 0.1 ಅಷ್ಟಾಗಿ ತೊಂದರೆ ಕೊಡಲ್ಲ ಅನ್ನಿ, ಎರಡು ನಿಮಿಷ ಎರಡೂ ಒಟ್ಟಿಗೆ ಓಡಿಸ್ಬೇಕು ಅಂದ್ರೆ ಮಧ್ಯದಲ್ಲಿ ಒಂದೆರಡು ಸಲ ಬೆರಳು ತಾಗಿಸ್ಬೇಕಾಗತ್ತೆ, ಅದೇನು ದೊಡ್ಡ ವಿಷಯ ಅಲ್ಲ.

ಹೊರಗೆ ಬಿಡೋ ಮುಂಚೆ ಹೆಡ್‌ಫೋನಲ್ಲಿ ಕಮ್ಮಿ ಅಂದ್ರೂ 32 ಬೀಟ್, ಸಾಧ್ಯ ಆದ್ರೆ 64 ಬೀಟ್ ಕೈ ಮುಟ್ಟದೆ ಕೇಳಿ. ನಾಲ್ಕು ಬೀಟ್ ಕೇಳಿ ಖುಷಿಯಾಗಿ ವಾಲ್ಯೂಮ್ ಫೇಡರ್ ಎತ್ತೋರೇ ಜಾಸ್ತಿ.

ಪಿಚ್ ಫೇಡರ್ ಎಷ್ಟು ಸರಿಸಿದ್ರೆ ಎಷ್ಟು ಬದಲಾಗತ್ತೆ?

ಅದು ಶೇಕಡಾದಲ್ಲಿ ಕೆಲಸ ಮಾಡತ್ತೆ. 125ರ ಹಾಡಿಗೆ 1% ಅಂದ್ರೆ 1.25 ಬಿಪಿಎಂ, 90ರ ಹಾಡಿಗೆ 0.9. ಪ್ಲೇಯರಲ್ಲಿ ರೇಂಜ್ ಬದಲಾಯಿಸೋಕೆ ಆದ್ರೆ ಕಲಿಯುವಾಗ 6%ಗೆ ಇಡಿ, ಅಷ್ಟೇ ಉದ್ದದ ಫೇಡರ್ ಚಿಕ್ಕ ರೇಂಜನ್ನ ಹಂಚ್ಕೊಳ್ಳೋದ್ರಿಂದ ಬೆರಳಿಗೆ ಹಿಡಿತ ಸಿಗತ್ತೆ. ಕೀ ಲಾಕ್ (ಸ್ಪೀಡ್ ಬದಲಾದ್ರೂ ಶ್ರುತಿ ಹಾಗೇ ಹಿಡಿಯೋ ಬಟನ್) ಆಫ್ ಇದ್ರೆ ಸ್ಪೀಡ್ ಜೊತೆ ಶ್ರುತಿನೂ ಏರತ್ತೆ, ಸುಮಾರು 6%ಗೆ ಒಂದು ಸ್ವರಸ್ಥಾನ. ಅದು ಒಂದು ಸುಳಿವು ಹೌದು, ಆದ್ರೆ ದನಿ ತೆಳ್ಳಗಿದೆ ಅಂದ ಮಾತ್ರಕ್ಕೆ ಟ್ರ್ಯಾಕ್ ಫಾಸ್ಟ್ ಅಂದ್ಕೊಂಡ್ರೆ ಕೆಟ್ರಿ.

ಹೆಡ್‌ಫೋನಲ್ಲಿ ಸರಿ ಇರತ್ತೆ, ಹೊರಗೆ ಬಿಟ್ರೆ ಎಲ್ಲಾ ಚೆಲ್ಲಾಪಿಲ್ಲಿ. ಯಾಕೆ?

ಬ್ಲೂಟೂತ್ ಹೆಡ್‌ಫೋನಾ? ಹಾಗಾದ್ರೆ ಇಲ್ಲಿಗೇ ನಿಲ್ಸಿ, ವೈರ್ ಇರೋದು ತಗೊಳ್ಳಿ. ಬ್ಲೂಟೂತಲ್ಲಿ ಸೌಂಡ್ ತಡವಾಗಿ ಬರತ್ತೆ, ಎಷ್ಟೋ ಹೆಡ್‌ಫೋನಲ್ಲಿ 100 ಮಿಲಿಸೆಕೆಂಡ್ ದಾಟಿರತ್ತೆ, 125ರ ಹಾಡಲ್ಲಿ ಅದು ಬೀಟಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ.

ವೈರ್ ಇದ್ರೂ ಆಗ್ತಿದ್ರೆ ಸ್ಪೀಕರ್ ಎಷ್ಟು ದೂರ ಇದೆ ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ, ಸ್ಪೀಕರ್ 10 ಮೀಟರ್ ಆಚೆ ಇದ್ರೆ ನಿಮ್ಮ ಕಿವಿಗೆ ಬರೋ ಹೊತ್ತಿಗೆ 29 ಮಿಲಿಸೆಕೆಂಡ್ ಆಗಿರತ್ತೆ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿಗೆ ಆ ದೂರದ ಸ್ಪೀಕರ್ ಇಟ್ಕೊಂಡು ಜೋಡಿಸಿದ್ರೆ ನಿಮಗೆ ಕೂತಿದ್ದು ಜನಕ್ಕೆ ಕೂತಿರಲ್ಲ. ಅದಕ್ಕೇ ಡಿಜೆ ಪಕ್ಕದಲ್ಲೇ ಮಾನಿಟರ್ ಸ್ಪೀಕರ್ ಇಡೋದು. ಮಾನಿಟರ್ ಇಲ್ಲ ಅಂದ್ರೆ ಕ್ಯೂ ಮಿಕ್ಸ್ ನಾಬ್ ಮಧ್ಯಕ್ಕೆ ತಿರುಗಿಸಿ ಎರಡೂ ಟ್ರ್ಯಾಕನ್ನ ಹೆಡ್‌ಫೋನಲ್ಲೇ ಕೇಳಿ ಜೋಡಿಸಿ. ಇನ್ನೊಂದು ಚಿಕ್ಕ ವಿಷಯ, ಎರಡರ ವಾಲ್ಯೂಮ್ ಸಮ ಇರ್ಲಿ, ಜೋರಾಗಿರೋದು ಇನ್ನೊಂದನ್ನ ನುಂಗಿಬಿಡತ್ತೆ.

ಹಳೇ ಹಾಡುಗಳು ಯಾಕೆ ಕೈಗೇ ಸಿಗಲ್ಲ?

ಡ್ರಮ್ಮರ್ ಮನುಷ್ಯ, ಅದಕ್ಕೆ. ಕೋರಸ್ ಬಂದ್ರೆ ಹುರುಪಲ್ಲಿ ಸ್ವಲ್ಪ ಓಡ್ತಾನೆ, ಆಮೇಲೆ ಇಳೀತಾನೆ. ಲಿನ್ ಎಲ್‌ಎಂ-1, ರೋಲ್ಯಾಂಡ್ ಟಿಆರ್-808 ಅನ್ನೋ ಡ್ರಮ್ ಮಷೀನುಗಳು ಬಂದಿದ್ದು 1980ರಲ್ಲಿ, ಟಿಆರ್-909 ಮತ್ತೆ ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳನ್ನ ಒಂದಕ್ಕೊಂದು ಜೋಡಿಸೋ ವ್ಯವಸ್ಥೆ) 1983ರಲ್ಲಿ, ಅದಾದ ಮೇಲಿನ ಡ್ಯಾನ್ಸ್ ಹಾಡುಗಳಲ್ಲಿ ಟೆಂಪೋ ಕಲ್ಲಿನ ಹಾಗೆ ನಿಂತಿರತ್ತೆ. ಹಳೇದನ್ನ ಮಿಕ್ಸ್ ಮಾಡುವಾಗ ಫೇಡರಲ್ಲಿ ಒಂದು ಸಲ ಸೆಟ್ ಮಾಡಿ ಮರೆಯೋಕಾಗಲ್ಲ, ಪೂರ್ತಿ ಹೊತ್ತು ಕೈ ಜಾಗ್ ವೀಲ್ ಮೇಲೇ ಇರ್ಬೇಕು. ಇಲ್ಲಾ ಇಂಟ್ರೋದಲ್ಲಿ ನಾಲ್ಕು ಬಾರ್ (16 ಬೀಟ್) ತಿರುಗಿ ತಿರುಗಿ ಬರೋ ಹಾಗೆ ಲೂಪ್ ಮಾಡ್ಕೊಳ್ಳಿ. ಶುರುವಿಗೇ ಇವನ್ನ ಪ್ರಾಕ್ಟೀಸಿಗೆ ಹಾಕ್ಕೊಳ್ಳೋದು ದಂಡ.

ಸಂಗೀತ ಕಲ್ತಿಲ್ಲ, ತಾಳ ಗೀಳ ಏನೂ ಗೊತ್ತಿಲ್ಲ. ನನ್ನ ಕೈಲಿ ಆಗತ್ತಾ?

ಹಾಡು ಕೇಳಿದಾಗ ಕಾಲು ತಾನೇ ತಟ್ಟತ್ತಾ? ಆಗತ್ತೆ.

ಪ್ರಾಕ್ಟೀಸ್ ಯಾವ ಕ್ರಮದಲ್ಲಿ ಮಾಡ್ಲಿ?

ಒಂದೇ ಟ್ರ್ಯಾಕನ್ನ ಎರಡೂ ಡೆಕ್ಕಿಗೆ ಹಾಕಿ, ಸಿಂಕ್ ಆಫ್, ಬಿಪಿಎಂ ನಂಬರ್ ಮತ್ತೆ ವೇವ್‌ಫಾರ್ಮ್ (ಸ್ಕ್ರೀನಲ್ಲಿ ಕಾಣೋ ಸೌಂಡಿನ ಅಲೆ) ಮೇಲೆ ಒಂದು ಚೀಟಿ ಅಂಟಿಸಿ. ಒಂದು ಡೆಕ್ಕಿನ ಫೇಡರನ್ನ ಕಣ್ಮುಚ್ಚಿ ಎಲ್ಲಿಗೋ ಎಳೆದು ಬಿಡಿ, ಈಗ ಇನ್ನೊಂದನ್ನ ಅದಕ್ಕೆ ಹೊಂದಿಸಿ. ಒಂದೇ ಹಾಡು ಆದ್ದರಿಂದ ಪೂರ್ತಿ ಕೂತಾಗ ವಿಮಾನ ಹೋದ ಹಾಗೆ ಒಂದು ಸುಯ್ಯ್ ಅನ್ನೋ ಸೌಂಡ್ ಬರತ್ತೆ, ಅದನ್ನ ಫ್ಲ್ಯಾಂಜಿಂಗ್ ಅಂತಾರೆ, ಅದು ಕೇಳ್ತು ಅಂದ್ರೆ ಕೆಲವೇ ಮಿಲಿಸೆಕೆಂಡ್ ಒಳಗೆ ಬಂದಿದೀರ ಅಂತ ಅರ್ಥ. ಇದಕ್ಕಿಂತ ಒಳ್ಳೆ ಮೇಷ್ಟ್ರು ಸಿಗಲ್ಲ. ಇದು ಬಂದ ಮೇಲೆ ಇಂಟ್ರೋದಲ್ಲಿ ಬರೀ ಡ್ರಮ್ಸ್ ಇರೋ ಎರಡು ಬೇರೆ ಹೌಸ್ ಟ್ರ್ಯಾಕ್, ಆಮೇಲೆ ಬೇರೆ ಬೇರೆ ಜಾನರ್.

ಅಂದಾಜು ಹೇಳೋ ವಿದ್ಯೆಗೆ ಡೆಕ್ ಬೇಕಾಗಿಲ್ಲ, ಎಲ್ಲೇ ಹಾಡು ಕೇಳಿದ್ರೂ ಮೊದಲು ಬಾಯಲ್ಲಿ ಒಂದು ನಂಬರ್ ಹೇಳಿ, ಆಮೇಲೆ ಫೋನಲ್ಲಿ ಟ್ಯಾಪ್ ಮಾಡಿ ನೋಡಿ. ಮೊದಲೇ ನೋಡ್ಬಿಟ್ರೆ ಏನೂ ಕಲೀಲಿಲ್ಲ.

ಬೀಟ್ ಪಕ್ಕಾ ಕೂತಿದೆ, ಆದ್ರೂ ಏನೋ ಸರಿ ಇಲ್ಲ ಅನ್ಸತ್ತೆ.

ನೂರಕ್ಕೆ ತೊಂಬತ್ತು ಸಲ ಒಂದು ಟ್ರ್ಯಾಕಿನ ಒಂದನೇ ಬೀಟ್ ಇನ್ನೊಂದರ ಎರಡನೇ ಬೀಟ್ ಮೇಲೆ ಬಿದ್ದಿರತ್ತೆ. ಕ್ಲ್ಯಾಪ್ ಕೇಳಿ, ಸಾಮಾನ್ಯವಾಗಿ ಅದು 2 ಮತ್ತೆ 4ರ ಮೇಲಿರತ್ತೆ, ಎರಡು ಟ್ರ್ಯಾಕಿನ ಕ್ಲ್ಯಾಪ್ ಬೇರೆ ಬೇರೆ ಬೀಟಲ್ಲಿ ಬರ್ತಿದ್ರೆ ಒಂದು ಬೀಟ್ ಆಚೀಚೆ ಮಾಡಿ. ಕ್ಲ್ಯಾಪೂ ಸೇರಿದೆ ಆದ್ರೂ ಒದ್ದಾಡ್ತಿದೆ ಅಂದ್ರೆ ಎರಡು ಬೀಟ್ ತಪ್ಪಿರ್ಬಹುದು, ಇಲ್ಲಾ 32 ಬೀಟಿನ ಫ್ರೇಸ್ ಮಧ್ಯದಲ್ಲಿ ಹೊಸದನ್ನ ಶುರು ಮಾಡಿರ್ತೀರ. ಇನ್ನೊಂದು ಕಾರಣ ಸ್ವಿಂಗ್: ಒಂದು ಟ್ರ್ಯಾಕಿನ ಹ್ಯಾಟ್ ನೆಟ್ಟಗೆ ನಡೀತಿದೆ, ಇನ್ನೊಂದರದ್ದು ಸ್ವಲ್ಪ ಕುಂಟತ್ತೆ, ಕಿಕ್ ಎಷ್ಟೇ ಸೇರಿದ್ರೂ ಹ್ಯಾಟ್‌ಗಳು ಜಗಳ ಆಡ್ತಾನೇ ಇರತ್ತೆ. ಅದಕ್ಕೆ ಫೇಡರಲ್ಲಿ ಮದ್ದಿಲ್ಲ, ಒಂದರ ಹೈ ಈಕ್ಯೂ ಇಳಿಸಿ, ಇಲ್ಲಾ ಬೇರೆ ಹಾಡು ಹಾಕಿ.

ಕೇಳ್ತಾ ಕೇಳ್ತಾ ಸ್ವಲ್ಪ ಹೊತ್ತಿಗೆ ಎಲ್ಲಾ ಕಲಸುಮೇಲೋಗರ ಆಗತ್ತೆ, ವಾಲ್ಯೂಮ್ ಏರಿಸ್ಲಾ?

ಇಳಿಸಿ. ಕಿವಿ ದಣಿದಾಗ ಏರಿಸಿದ್ರೆ ಎರಡು ಕಿಕ್ಕಿನ ಅಂಚು ಇನ್ನೂ ಮಸುಕಾಗತ್ತೆ, ಹತ್ತು ನಿಮಿಷ ಹೆಡ್‌ಫೋನ್ ತೆಗೆದಿಟ್ಟು ಬನ್ನಿ. ಅಮೆರಿಕದ ನಿಯೋಶ್ ಅನ್ನೋ ಸಂಸ್ಥೆ ಕೆಲಸದ ಜಾಗಕ್ಕೆ ಶಿಫಾರಸು ಮಾಡಿರೋ ಮಿತಿ ದಿನಕ್ಕೆ 8 ಗಂಟೆ 85 ಡೆಸಿಬೆಲ್, ಪ್ರತಿ 3 ಡೆಸಿಬೆಲ್ ಏರಿದ್ರೆ ಟೈಮ್ ಅರ್ಧ ಆಗತ್ತೆ, 100ಕ್ಕೆ ಹೋಗೋ ಹೊತ್ತಿಗೆ ಉಳಿಯೋದು 15 ನಿಮಿಷ. ಮನೇಲಿ ಪ್ರಾಕ್ಟೀಸ್ ಮಾಡುವಾಗ ಪಕ್ಕದಲ್ಲಿ ಯಾರಾದ್ರೂ ಮಾತಾಡಿಸಿದ್ರೆ ಕೇಳೋಷ್ಟು ಇಟ್ಕೊಳ್ಳಿ, ಜಾರೋದು ಆ ವಾಲ್ಯೂಮಲ್ಲೇ ಚೆನ್ನಾಗಿ ಕೇಳತ್ತೆ.